ಕಲ್ಲಿನ ಮೇಲಿನ ಹಳೆಯ ಜಾಡು: ಮೊದಲ ಪ್ರಾಣಿಗಳ ದೇಹ ಮತ್ತು ನಡೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ವಿಜ್ಞಾನ ಶಿಕ್ಷಕರಿಗೆ, ಪದವಿ ವಿದ್ಯಾರ್ಥಿಗಳಿಗೆ, ಕಡಲತೀರದಲ್ಲಿ ನಡೆಯುವಾಗ ತಲೆ ತಗ್ಗಿಸಿ ಮರಳು ನೋಡುವ ಅಭ್ಯಾಸವಿರುವ ಎಲ್ಲರಿಗೂ.

ಜಾಡು ಪಳೆಯುಳಿಕೆ ಎಂದರೇನು?

ಪ್ರಾಣಿಯ ದೇಹವಲ್ಲ, ಪ್ರಾಣಿ ಮಾಡಿದ ಕೆಲಸ ಕಲ್ಲಾಗಿ ಉಳಿದದ್ದು. ತೆವಳಿದ ಗೆರೆ, ಹೆಜ್ಜೆಸಾಲು, ಕೊರೆದ ಬಿಲ, ಮೇಯುವಾಗ ಕೆರೆದ ಗೀರು, ಕುಳಿತೆದ್ದ ಗುಳಿ, ಹಿಕ್ಕೆ ಎಲ್ಲವೂ ಇದರಲ್ಲಿ ಸೇರುತ್ತವೆ. ಹಳೆಯ ಮಂಗಳೂರು ಹೆಂಚಿನ ಮೇಲೆ ನಾಯಿಯ ಪಾದದ ಗುರುತು ಇದೆ ಅಂದುಕೊಳ್ಳಿ. ಹಸಿ ಹೆಂಚನ್ನು ಒಣಗಲು ಇಟ್ಟಾಗ ಅದು ಮೇಲೆ ನಡೆದಿದೆ. ಆ ನಾಯಿಯ ಎಲುಬು ಎಲ್ಲಿ ಮಣ್ಣಾಯಿತೋ ಯಾರಿಗೂ ಗೊತ್ತಿಲ್ಲ. ಆದರೆ ಅದರ ನಾಲ್ಕು ಬೆರಳು, ಉಗುರು, ಹೋದ ದಿಕ್ಕು ಹೆಂಚಿನಲ್ಲಿ ಇನ್ನೂ ಇವೆ.

ದೇಹದ ಪಳೆಯುಳಿಕೆ ಇರುವಾಗ ಜಾಡಿನ ಹಿಂದೆ ಯಾಕೆ ಬೀಳಬೇಕು?

ಮೊದಲ ಪ್ರಾಣಿಗಳಿಗೆ ಮೂಳೆಯೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಮೆತ್ತನೆಯ ದೇಹ ಸತ್ತ ಕೆಲವೇ ದಿನಗಳಲ್ಲಿ ಕೊಳೆತು ಹೋಗುತ್ತದೆ. ಗೆರೆ ಮಾತ್ರ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ. ಚಿಪ್ಪನ್ನು ಅಲೆ ಎಲ್ಲಿಂದ ಎಲ್ಲಿಗೋ ಒಯ್ದು ಹಾಕುತ್ತದೆ. ಮಲ್ಪೆಯ ಮರಳಿನಲ್ಲಿ ಸಿಗುವ ಚಿಪ್ಪು ಮಲ್ಪೆಯಲ್ಲೇ ಬದುಕಿದ್ದ ಜೀವಿಯದ್ದಾಗಬೇಕಿಲ್ಲ. ಬಿಲವನ್ನು ಹಾಗೆ ಒಯ್ಯಲಾಗದು. ಅದು ಎಲ್ಲಿದೆಯೋ ಅಲ್ಲೇ ಆ ಪ್ರಾಣಿ ಜೀವಂತ ಇತ್ತು.

ಮೆತ್ತನೆಯ ಕೆಸರಿನ ಗೆರೆ ಕೋಟ್ಯಂತರ ವರ್ಷ ಹೇಗೆ ಉಳಿಯುತ್ತದೆ?

ಹದ ಮುಖ್ಯ. ಕಂಬಳದ ಕರೆಯ ನೀರುಕೆಸರಿನಲ್ಲಿ ಕೋಣದ ಗೊರಸಿನ ಗುರುತು ನಿಲ್ಲದು, ಪಕ್ಕದ ಅರೆ ಒಣಗಿದ ಮಣ್ಣಿನಲ್ಲಿ ನಿಲ್ಲುತ್ತದೆ. ಕಡಲತಳದಲ್ಲೂ ಹಾಗೆಯೇ: ಕೆಸರು ಸ್ವಲ್ಪ ಗಟ್ಟಿಯಾಗಿರಬೇಕು, ಗೆರೆ ಅಳಿಯುವ ಮೊದಲೇ ಬೇರೆ ಬಗೆಯ ಹೂಳು, ಸಾಮಾನ್ಯವಾಗಿ ಮರಳು, ಮೇಲೆ ಬೀಳಬೇಕು. ಮುಂದೆ ಎರಡೂ ಪದರ ಕಲ್ಲಾಗುತ್ತವೆ. ಮೆದುವಾದ ಕೆಳಪದರ ಸವೆದು ಹೋದಾಗ ಮೇಲಿನ ಮರಳುಗಲ್ಲಿನ ಅಡಿಭಾಗದಲ್ಲಿ ಆ ಗೆರೆಯ ಅಚ್ಚು ಉಬ್ಬಾಗಿ ಕಾಣುತ್ತದೆ. ಹೊಸಬರು ಇಲ್ಲೇ ಎಡವುತ್ತಾರೆ. ಉಬ್ಬನ್ನು ನೋಡಿ ಅದನ್ನೇ ಹುಳುವಿನ ದೇಹ ಅಂದುಕೊಳ್ಳುತ್ತಾರೆ. ಹಲಗೆಯನ್ನು ತಿರುಗಿಸಿ ಅಡಿ ನೋಡುವುದು ಈ ವಿದ್ಯೆಯ ಮೊದಲ ಪಾಠ.

ಮೊದಲ ಪ್ರಾಣಿಗಳ ಕಾಲದ ಕಡಲತಳಕ್ಕೆ ಇನ್ನೊಂದು ಅನುಕೂಲ ಇತ್ತು. ಮಳೆಗಾಲದಲ್ಲಿ ನಮ್ಮ ಅಂಗಳದ ಕಲ್ಲಿಗೆ ಹಿಡಿಯುವ ಪಾಚಿಯಂತೆ ಸೂಕ್ಷ್ಮಜೀವಿಗಳ ಪೊರೆ ಇಡೀ ತಳವನ್ನು ಹೊದ್ದಿತ್ತು. ಅದು ಮರಳನ್ನು ಬಿಗಿಯಾಗಿ ಹಿಡಿದಿದ್ದರಿಂದ ಬಹಳ ನವಿರಾದ ಗುರುತುಗಳೂ ಉಳಿದವು.

ಅತಿ ಹಳೆಯ ಜಾಡು ಯಾವುದು?

ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮಿಸ್ಟೇಕನ್ ಪಾಯಿಂಟ್‌ನಲ್ಲಿ ಸುಮಾರು 56.5 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ತೆವಳಿದ ಗೆರೆಗಳಿವೆ. 2010ರಲ್ಲಿ ವರದಿಯಾದ ಇವು ಸ್ನಾಯುಬಲದಿಂದ ಚಲಿಸಿದ ಜೀವಿಯವು ಎಂದು ಬಹುತೇಕರು ಓದುತ್ತಾರೆ. 55.5 ಕೋಟಿ ವರ್ಷದ ಸುಮಾರಿಗೆ ರಷ್ಯದ ಬಿಳಿ ಸಮುದ್ರದ ದಂಡೆಯಲ್ಲಿ, ದಕ್ಷಿಣ ಆಸ್ಟ್ರೇಲಿಯದ ಎಡಿಯಾಕರ ಗುಡ್ಡಗಳಲ್ಲಿ ಜಾಡುಗಳು ಧಾರಾಳವಾಗಿ ಸಿಗುತ್ತವೆ. ಇದಕ್ಕಿಂತ ತುಂಬಾ ಹಳೆಯದು ಎಂಬ ಸುದ್ದಿ ಬಂದಾಗ ಸ್ವಲ್ಪ ಕಾಯುವುದು ಒಳ್ಳೆಯದು. ಯಾಕೆ ಎಂಬುದು ಕೆಳಗೆ ಬರುತ್ತದೆ.

ಬರೀ ಒಂದು ಗೆರೆಯಿಂದ ದೇಹದ ರಚನೆಯನ್ನು ಹೇಗೆ ಹೇಳುತ್ತಾರೆ?

ಇಡೀ ವಿಷಯದ ತಿರುಳು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಅಗಲ. ಗೆರೆಯ ಅಗಲ ಉದ್ದಕ್ಕೂ ಒಂದೇ ಇದ್ದರೆ ಅದನ್ನು ಬಿಟ್ಟದ್ದು ಒಂದೇ ಪ್ರಾಣಿ, ಮತ್ತು ಆ ಪ್ರಾಣಿಗೆ ಸ್ಥಿರವಾದ ಆಕಾರ ಇತ್ತು. ಎರಡು ಬದಿಯಲ್ಲಿ ಮಣ್ಣು ಗದ್ದೆಯ ಹುಣಿಯಂತೆ ಸಣ್ಣದಾಗಿ ಎದ್ದಿದ್ದರೆ ದೇಹ ಮಣ್ಣನ್ನು ಸೀಳಿಕೊಂಡು ಮುಂದೆ ಹೋಗಿದೆ. ಅಂದರೆ ದೇಹಕ್ಕೆ ಮುಂದು-ಹಿಂದು ಇದ್ದಿರಬಹುದು. ಮುಂದು-ಹಿಂದು, ಮೇಲು-ಕೆಳಗು, ಎಡ-ಬಲ ಇರುವ ದೇಹವೇ ನಮ್ಮದೂ, ಏಡಿಯದ್ದೂ, ಎರೆಹುಳುವಿನದ್ದೂ. ಜೆಲ್ಲಿ ಮೀನಿನದ್ದು ಹಾಗಲ್ಲ.

ಇಕಾರಿಯಾ ವಾರಿಯೂಟಿಯಾ ಎಂಬ ಪುಟ್ಟ ಪ್ರಾಣಿ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಆಸ್ಟ್ರೇಲಿಯದಲ್ಲಿ ಹೆಲ್ಮಿಂಥೊಯ್ಡಿಕ್ನೈಟಿಸ್ ಎಂಬ ಸಪೂರ ಗೆರೆಗಳು ಬಹಳ ಹಿಂದೆಯೇ ಗೊತ್ತಿದ್ದವು, ಬಿಟ್ಟವರು ಯಾರೆಂದು ಮಾತ್ರ ಗೊತ್ತಿರಲಿಲ್ಲ. 2020ರಲ್ಲಿ ಅವುಗಳ ಹತ್ತಿರವೇ ಸಿಕ್ಕ ಪುಟ್ಟ ಅಂಡಾಕಾರದ ಗುಳಿಗಳನ್ನು (ಇಕಾರಿಯಾದ ದೇಹದ ಅಚ್ಚು) ಲೇಸರ್ ಸ್ಕ್ಯಾನ್ ಮಾಡಿದಾಗ ಒಂದು ತುದಿ ಇನ್ನೊಂದಕ್ಕಿಂತ ದಪ್ಪ ಇರುವುದು ಕಂಡಿತು. ಉದ್ದ 2ರಿಂದ 7 ಮಿ.ಮೀ., ಅಗಲ 1ರಿಂದ 2.5 ಮಿ.ಮೀ. ಹೆಚ್ಚೆಂದರೆ ಒಂದು ಕುಚ್ಚಲಕ್ಕಿ ಕಾಳು. ಗೆರೆಯ ಅಗಲಕ್ಕೆ ಇದರ ಅಗಲ ಹೊಂದುತ್ತದೆ. ಗೆರೆಯೊಳಗೆ ಅಡ್ಡಲಾಗಿ ಇಂಗ್ಲಿಷಿನ ‘ವಿ’ ಆಕಾರದ ಏಣುಗಳಿವೆ. ಎರೆಹುಳುವಿನಂತೆ ದೇಹವನ್ನು ಹಿಗ್ಗಿಸಿ ಕುಗ್ಗಿಸಿ ಚಲಿಸಿದಾಗ ಇಂಥ ಗುರುತು ಬೀಳುತ್ತದೆ.

ಹಿಗ್ಗುವುದು-ಕುಗ್ಗುವುದು ಅಂದಾಗ ಅದರ ಹಿಂದೆ ಏನೇನು ಬೇಕು ಯೋಚಿಸಿ. ಎರೆಹುಳುವಿಗೆ ಸುತ್ತು ಸ್ನಾಯು ಮತ್ತು ಉದ್ದ ಸ್ನಾಯು ಎಂಬ ಎರಡು ಪದರಗಳಿವೆ. ಸುತ್ತು ಸ್ನಾಯು ಬಿಗಿದಾಗ ದೇಹ ಸಪೂರವಾಗಿ ಉದ್ದವಾಗುತ್ತದೆ, ಉದ್ದ ಸ್ನಾಯು ಬಿಗಿದಾಗ ಗಿಡ್ಡವಾಗಿ ದಪ್ಪವಾಗುತ್ತದೆ. ಎರಡೂ ಕೆಲಸ ಮಾಡಲು ಒಳಗೆ ಒತ್ತಡ ತಾಳುವ ದ್ರವ ಬೇಕು; ನೀರು ತುಂಬಿದ ಬಲೂನನ್ನು ನಡುವೆ ಹಿಸುಕಿದರೆ ತುದಿ ಉಬ್ಬುವ ಹಾಗೆ. ಕೆಸರಿನಲ್ಲಿ ಕೆಳಕ್ಕೆ ಕೊರೆಯುವ ಹುಳುವಿಗೆ ಇದು ಇನ್ನೂ ಅಗತ್ಯ. ಮೊದಲು ಹಿಂಭಾಗ ಊದಿ ಗೋಡೆಗೆ ಅಂಟಿ ನಿಲ್ಲಬೇಕು, ಆಗ ಮುಂಭಾಗ ಚೂಪಾಗಿ ತೂರುತ್ತದೆ. ನಂತರ ಮುಂಭಾಗ ಊದಿ ಲಂಗರು ಹಾಕಬೇಕು, ಹಿಂಭಾಗವನ್ನು ಎಳೆದುಕೊಳ್ಳಬೇಕು. ಹೀಗೆ ಲಂಬವಾದ ಒಂದು ಬಿಲ ಕಂಡರೆ ಸ್ನಾಯು, ದ್ರವ ತುಂಬಿದ ದೇಹ, ಅದನ್ನು ಹೊಂದಿಸಿ ನಡೆಸುವ ನರ, ಮೂರೂ ಅಲ್ಲಿ ಇದ್ದವು ಎನ್ನಬಹುದು. ಇವುಗಳಲ್ಲಿ ಒಂದೂ ಕಲ್ಲಿನಲ್ಲಿ ಉಳಿದಿರುವುದಿಲ್ಲ.

ತಿರುವುಗಳನ್ನೂ ನೋಡಬೇಕು. ಗೆರೆ ಅಡ್ಡಾದಿಡ್ಡಿ ಹೋಗಿ ತನ್ನ ಮೇಲೇ ಹಾದುಹೋದರೆ ಪ್ರಾಣಿ ಹಳೆಯ ದಾರಿಯನ್ನು ಗುರುತಿಸಿಲ್ಲ. ಹೊಲ ಉಳುವವನಂತೆ ಹೋಗಿ ಬಂದು, ಸಾಲಿಗೆ ಸಾಲು ತಾಗಿಸಿ, ಆದರೆ ಒಂದನ್ನೊಂದು ದಾಟದೆ ತುಂಬಿದ್ದರೆ ಅದು ತಾನು ಮೇದ ಜಾಗವನ್ನು ಮುಟ್ಟಿಯೋ ರಾಸಾಯನಿಕದಿಂದಲೋ ಗುರುತಿಸಿದೆ. ಗೆರೆಯೊಳಗೆ ಸಾಲಾಗಿ ಹಿಕ್ಕೆ ಇದ್ದರೆ ಬಾಯಿಂದ ಹಿಂತುದಿಯವರೆಗೆ ಕರುಳು ಇತ್ತು.

ದೇಹವೂ ಜಾಡೂ ಒಟ್ಟಿಗೆ ಸಿಕ್ಕಿದ್ದುಂಟಾ?

ಅಪರೂಪಕ್ಕೆ ಉಂಟು. ಚೀನಾದ ಯಿಲಿಂಜಿಯಾ, 2019ರಲ್ಲಿ ವರದಿಯಾದದ್ದು, 55.1 ಮತ್ತು 53.9 ಕೋಟಿ ವರ್ಷಗಳ ನಡುವಿನದ್ದು. ಸುಮಾರು 50 ಖಂಡಗಳಿದ್ದ ಹುಳುವಿನಂಥ ದೇಹ, 27 ಸೆಂ.ಮೀ. ತನಕ ಉದ್ದ. ಅದು ತೆವಳಿ ತೆವಳಿ ಸತ್ತ ಜಾಗದಲ್ಲೇ, ಗೆರೆಯ ತುದಿಯಲ್ಲಿ ದೇಹ ಉಳಿದಿದೆ.

ಕಿಂಬರೆಲ್ಲಾ ಎಂಬ ಮೆತ್ತನೆಯ ದೇಹದ ಪ್ರಾಣಿಯ ಕತೆ ಬೇರೆ. ಬೀಸಣಿಗೆಯಂತೆ ಹರಡಿದ ಜೋಡಿ ಗೀರುಗಳು ಅದರ ದೇಹದ ಹತ್ತಿರವೇ ಸಿಗುತ್ತವೆ. ಒಂದೆಡೆ ನಿಂತು, ತಲೆಯ ಕಡೆಯ ಉದ್ದ ಭಾಗವನ್ನು ಚಾಚಿ, ಪಾಚಿಪೊರೆಯನ್ನು ತನ್ನೆಡೆಗೆ ಕೆರೆದು ತಿಂದ ಗುರುತು ಅದು. ಬಂಡೆಗೆ ಅಂಟಿದ ಬಸವನಹುಳುಗಳ ಬಾಯಲ್ಲಿರುವ ಹಲ್ಲಿನ ಪಟ್ಟಿ ಇದೇ ಕೆಲಸ ಮಾಡುತ್ತದೆ.

ಚಪ್ಪಟೆ ಅಂಡಾಕಾರದ ಡಿಕಿನ್ಸೋನಿಯಾ ಎಂಬ ಜೀವಿ ಬಿಟ್ಟದ್ದು ಗೆರೆಯನ್ನಲ್ಲ, ಸಾಲಾಗಿ ಒಂದೇ ಅಳತೆಯ ಮಸುಕು ಗುಳಿಗಳನ್ನು. ಒಂದು ಕಡೆ ಮಲಗಿ ಕೆಳಗಿನ ಪೊರೆಯನ್ನು ಹೊಟ್ಟೆಯಡಿಯಿಂದಲೇ ಕರಗಿಸಿ ಹೀರಿ, ನಂತರ ಪಕ್ಕದ ಜಾಗಕ್ಕೆ ಸರಿದಿರಬೇಕು. ಬಾಯಿ, ಕರುಳು ಕಂಡಿಲ್ಲ. ಅದು ಪ್ರಾಣಿಯೇ ಹೌದು ಎಂಬುದಕ್ಕೆ 2018ರಲ್ಲಿ ಬಿಳಿ ಸಮುದ್ರದ ಮಾದರಿಗಳಲ್ಲಿ ಕೊಲೆಸ್ಟ್ರಾಲಿನ ಅವಶೇಷ ಸಿಕ್ಕಿತು. ಆದರೆ ಅದು ಜಾಗ ಬದಲಿಸುತ್ತಿತ್ತು ಎಂಬುದನ್ನು ಗುಳಿಗಳ ಸಾಲು ಮೊದಲೇ ಹೇಳಿತ್ತು.

ಟ್ರೆಪ್ಟಿಕ್ನಸ್ ಪೆಡಮ್‌ಗೆ ಯಾಕೆ ಅಷ್ಟು ಮರ್ಯಾದೆ?

ಯಾಕೆಂದರೆ ಭೂಮಿಯ ಕಾಲಪಟ್ಟಿಯ ಒಂದು ದೊಡ್ಡ ಗಡಿಯನ್ನು ಒಂದು ಬಿಲದ ಮೇಲೆ ನಿಲ್ಲಿಸಿದ್ದಾರೆ. ನ್ಯೂಫೌಂಡ್‌ಲ್ಯಾಂಡಿನ ಫಾರ್ಚೂನ್ ಹೆಡ್‌ನ ಕಲ್ಲಿನ ಪದರಗಳಲ್ಲಿ ಈ ಬಿಲ ಮೊದಲು ಕಾಣುವಲ್ಲಿಂದ ಕೇಂಬ್ರಿಯನ್ ಯುಗ ಶುರು ಎಂದು 1992ರಲ್ಲಿ ಒಪ್ಪಲಾಯಿತು. ಈಗಿನ ಲೆಕ್ಕದಲ್ಲಿ ಅದು 53.88 ಕೋಟಿ ವರ್ಷದ ಹಿಂದೆ. ಆಮೇಲೆ ಹುಡುಕಿದಾಗ ಅದೇ ಜಾಗದಲ್ಲಿ ಗಡಿಗಿಂತ ಕೆಲವು ಮೀಟರ್ ಕೆಳಗೂ ಅಂಥ ಬಿಲ ಸಿಕ್ಕಿ ಚರ್ಚೆ ಎದ್ದಿತು. ಗಡಿಗುರುತು ಮಾತ್ರ ಅಲ್ಲೇ ಇದೆ.

ರೂಪ ಹೀಗಿದೆ: ಕರಿಬೇವಿನ ಗರಿಯ ನಡುದಂಟಿನಿಂದ ಎಲೆಗಳು ಒಂದು ಎಡಕ್ಕೆ ಒಂದು ಬಲಕ್ಕೆ ಹೊರಡುವಂತೆ, ಕೆಸರಿನೊಳಗಿನ ಬಿಲದಿಂದ ಗಿಡ್ಡ ಬಾಗಿದ ಕವಲುಗಳು ಮೇಲಕ್ಕೆ ಹೊರಡುತ್ತವೆ. ಹುಳು ಒಂದು ಕವಲು ಮೇಲಕ್ಕೆ ಚುಚ್ಚಿ ಆಹಾರ ನೋಡಿ, ಹಿಂದೆ ಸರಿದು, ಸ್ವಲ್ಪ ಮುಂದೆ ಇನ್ನೊಂದು ಚುಚ್ಚಿದೆ. ಎಡಿಯಾಕರದ (ಆ ಗುಡ್ಡಗಳ ಹೆಸರನ್ನೇ ಪಡೆದ, ಕೇಂಬ್ರಿಯನ್‌ಗಿಂತ ಮುಂಚಿನ ಯುಗ) ಗೆರೆಗಳು ಹೆಚ್ಚಾಗಿ ಮೇಲ್ಮೈಯಲ್ಲೇ, ಚಾಪೆಯಡಿ ನುಸುಳಿದ ಹಾಗೆ. ಇಲ್ಲಿ ಮೂರು ಆಯಾಮದಲ್ಲಿ ಯೋಜನೆ ಇದೆ. ಈಗಿನ ಪ್ರಿಯಾಪುಲಿಡ್ ಎಂಬ ಕಡಲ ಹುಳುಗಳನ್ನು ಕೆಸರಿನಲ್ಲಿ ಬಿಟ್ಟು ನೋಡಿದಾಗ ಇದೇ ಬಗೆಯ ಬಿಲ ಮಾಡಿದವು (2010ರ ಪ್ರಯೋಗ). ಹಾಗಾಗಿ ಬಿಲ ಮಾಡಿದ್ದು ಅವುಗಳ ಸಂಬಂಧಿ ಎಂಬ ಊಹೆಗೆ ಬಲ ಬಂದಿದೆ.

ಅಂದರೆ ಟ್ರೆಪ್ಟಿಕ್ನಸ್ ಒಂದು ಹುಳುವಿನ ಹೆಸರಾ?

ಅಲ್ಲ. ಬಿಲದ ಹೆಸರು. ಜಾಡಿಗೆ ಬೇರೆ, ಪ್ರಾಣಿಗೆ ಬೇರೆ ಹೆಸರು ಕೊಡುವುದು ಕಡ್ಡಾಯದ ಶಿಸ್ತು. ಒಂದೇ ಟ್ರೈಲೋಬೈಟ್ (ಗಟ್ಟಿ ಕವಚದ, ಹಲವು ಕಾಲಿನ, ಈಗ ಅಳಿದುಹೋದ ಕಡಲಪ್ರಾಣಿ) ನೆಲ ಕೆರೆಯುತ್ತ ಸಾಗಿದರೆ ಕ್ರೂಜಿಯಾನಾ, ಕುಳಿತರೆ ರೂಸೋಫೈಕಸ್, ನಡೆದರೆ ಡಿಪ್ಲಿಕ್ನೈಟಿಸ್. ತಿರುಗಾಮುರುಗಾ, ಬೇರೆ ಬೇರೆ ಪ್ರಾಣಿಗಳು ಒಂದೇ ತರಹದ ಬಿಲ ಮಾಡಬಹುದು. ಆದ್ದರಿಂದ ‘ಇದು ಇಂಥ ಪ್ರಾಣಿಯದ್ದು’ ಎನ್ನುವ ಮೊದಲು ‘ಇದು ಇಂಥ ಕೆಲಸದ್ದು’ ಎನ್ನುವುದು ಸರಿಯಾದ ಕ್ರಮ.

ಕಾಲು ಯಾವಾಗ ಬಂತು?

ಚೀನಾದ ಶಿಬಾಂಟಾನ್ ಕಲ್ಲಿನಲ್ಲಿ ಎರಡು ಸಾಲು ಚುಕ್ಕೆಗಳ ಜಾಡು 2018ರಲ್ಲಿ ವರದಿಯಾಯಿತು. ಎಡಿಯಾಕರದ ಕೊನೆಯದ್ದು, ಅಂದರೆ ಕೇಂಬ್ರಿಯನ್‌ಗಿಂತ ಮೊದಲಿನದ್ದು. ಜೋಡಿ ಅಂಗಗಳಿಂದ ದೇಹವನ್ನು ನೆಲದಿಂದ ಎತ್ತಿ ನಡೆದ ಗುರುತು ಎಂದು ಓದಲಾಗಿದೆ. ಕೇಂಬ್ರಿಯನ್‌ನಲ್ಲಂತೂ ಟ್ರೈಲೋಬೈಟ್ ದೇಹದ ಪಳೆಯುಳಿಕೆಗಿಂತ ಹಳೆಯ ಪದರದಲ್ಲೇ ಕಾಲಿನ ಗೀರುಗಳಿರುವ ರೂಸೋಫೈಕಸ್ ಸಿಗುತ್ತದೆ. ಚಿಪ್ಪು ಗಟ್ಟಿಯಾಗುವ ಮುಂಚೆಯೇ ಕಾಲುಗಳು ಕೆಲಸ ಶುರುಮಾಡಿದ್ದವು.

ತಪ್ಪು ಎಲ್ಲಿ ಆಗುತ್ತದೆ?

ಎಲ್ಲೆಡೆ, ಮತ್ತು ದೊಡ್ಡವರಿಗೂ. ಎರಡು ಭಾರತೀಯ ಉದಾಹರಣೆ ಸಾಕು.

1998ರಲ್ಲಿ ಮಧ್ಯಪ್ರದೇಶದ ಚೋರ್ಹಟ್ ಮರಳುಗಲ್ಲಿನಲ್ಲಿ 110 ಕೋಟಿ ವರ್ಷ ಹಳೆಯ ಹುಳುಬಿಲ ಸಿಕ್ಕಿತು ಎಂದು ಜಾಡುವಿದ್ಯೆಯ ದಿಗ್ಗಜ ಅಡಾಲ್ಫ್ ಸೈಲಾಕರ್ ಮತ್ತು ಸಂಗಡಿಗರು ಪ್ರಕಟಿಸಿದರು. ಆಮೇಲೆ ಕಲ್ಲಿನ ವಯಸ್ಸನ್ನು ಮರು ಅಳೆದಾಗ ಸುಮಾರು 160 ಕೋಟಿ ವರ್ಷ ಬಂತು. ಅಷ್ಟು ಹಿಂದೆ ಹುಳು ಇದ್ದಿರಬೇಕಾದರೆ ನಡುವಿನ ನೂರು ಕೋಟಿ ವರ್ಷ ಅದರ ಗುರುತೇ ಇಲ್ಲ! ಈಗ ಬಹುತೇಕರು ಅವನ್ನು ಪ್ರಾಣಿಯ ಜಾಡೆಂದು ಒಪ್ಪುವುದಿಲ್ಲ.

2021ರಲ್ಲಿ ಭೀಮಬೇಟ್ಕಾದ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಕಂಡಿತೆಂದು ಸುದ್ದಿಯಾಯಿತು. ಆಮೇಲೆ ಬೇರೆಯವರು ಹೋಗಿ ನೋಡಿದರೆ ಅದು ಕಲ್ಲಿನಿಂದ ಕಿತ್ತು ಬರುತ್ತಿತ್ತು: ಹೆಜ್ಜೇನಿನ ಹಳೆಯ ಗೂಡಿನ ಗುರುತು. ನಮ್ಮೂರಿನ ನೀರಿನ ಟ್ಯಾಂಕಿನಡಿ ಜೇನು ಬಿಟ್ಟುಹೋದ ಕಲೆಯನ್ನು ನೋಡಿದವರಿಗೆ ಇದು ಆಶ್ಚರ್ಯವಾಗದು.

ಇನ್ನು ಸಾಮಾನ್ಯ ಮೋಸಗಾರರು: ಕೆಸರು ಕುಗ್ಗಿ ಆದ ಬಿರುಕಿನಲ್ಲಿ ಮರಳು ತುಂಬಿದ್ದು, ಅನಿಲ ಮೇಲೇರಿದ ಕೊಳವೆ, ಅಲೆ ಉರುಳಿಸಿದ ಕಲ್ಲಿನ ಗೀರು, ಬೇರು, ಸುರುಳಿ ಸುತ್ತಿದ ಪಾಚಿಪೊರೆ. ಇವೆಲ್ಲಕ್ಕಿಂತ ನಾಜೂಕಿನದ್ದು ಗ್ರೋಮಿಯಾ ಸ್ಫೆರಿಕಾ. ದ್ರಾಕ್ಷಿಹಣ್ಣಿನಷ್ಟು ದೊಡ್ಡ ಏಕಕೋಶ ಜೀವಿ. ಮೊದಲು ಸಿಕ್ಕಿದ್ದು ನಮ್ಮ ಅರಬ್ಬಿ ಸಮುದ್ರದ ಆಚೆ ದಡದ ಒಮಾನಿನ ಬಳಿ. ಬಹಾಮಾಸ್ ಕಡಲತಳದಲ್ಲಿ ಇದು ಮೆಲ್ಲ ಉರುಳಿ 50 ಸೆಂ.ಮೀ. ತನಕ ಉದ್ದದ, ಎರಡು ಬದಿ ಏಣಿರುವ ತೋಡು ಬಿಟ್ಟಿರುವುದನ್ನು 2008ರಲ್ಲಿ ತೋರಿಸಿದರು. ಆದ್ದರಿಂದ ನೇರ, ಸರಳ ತೋಡು ಒಂದೇ ಇದ್ದರೆ ‘ಸ್ನಾಯುವಿದ್ದ ಪ್ರಾಣಿ’ ಎನ್ನಲು ಅದು ಸಾಲದು. ತಿರುವು, ಅಡ್ಡ ಏಣು, ಕೆಳಗೆ ಇಳಿದು ಮೇಲೆ ಬಂದ ಗುರುತು, ಇವುಗಳಲ್ಲಿ ಏನಾದರೂ ಬೇಕು.

ಮಂಗಳೂರು, ಉಡುಪಿಯಲ್ಲಿ ಇಂಥವು ಸಿಗುತ್ತವಾ?

ಇಲ್ಲ. ಇಲ್ಲಿನ ತಳದ ಕಲ್ಲು ಬಹುಪಾಲು ಶಾಖ, ಒತ್ತಡದಲ್ಲಿ ಬೆಂದ ನೈಸ್, ಕೆಲವೆಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮೇಲಿರುವ ಮುರಕಲ್ಲು ಬಂಡೆ ಕೊಳೆತು ಆದದ್ದು. ಅದರ ತೂತುಗಳನ್ನು ಬಿಲ ಅಂದುಕೊಂಡು ಫೋಟೊ ಕಳಿಸುವವರು ತುಂಬಾ ಜನ; ಅವು ಮಣ್ಣಿನ ಅಂಶ ತೊಳೆದು ಹೋದ ಜಾಗಗಳು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಕಾದ ಲಾವಾದಲ್ಲಿ ಯಾರೂ ತೆವಳುವುದಿಲ್ಲ. ಘಟ್ಟದ ಮೇಲೆ ಬಾಗಲಕೋಟೆ ಸುತ್ತಲಿನ ಹಳೆಯ ಕಲಾದಗಿ ಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್ ಸಿಗುತ್ತದೆ, ಆದರೆ ಅದು ಪ್ರಾಣಿಗಳಿಗಿಂತ ಮುಂಚಿನ ಕಾಲ. ಟ್ರೆಪ್ಟಿಕ್ನಸ್ ಬೇಕಿದ್ದರೆ ರಾಜಸ್ಥಾನದ ನಾಗೌರ್ ಮರಳುಗಲ್ಲಿನ ತನಕ ಹೋಗಬೇಕು.

ಹಾಗಾದರೆ ಇಲ್ಲಿದ್ದು ಕಲಿಯುವುದು ಹೇಗೆ?

ಪಣಂಬೂರು, ಸಸಿಹಿತ್ಲು, ಕಾಪು, ಮಲ್ಪೆ, ಮರವಂತೆ. ಹಳೆಯ ಜಾಡನ್ನು ಓದುವವರು ಹೊಸ ಜಾಡನ್ನು ನೋಡಿಯೇ ಕಲಿತದ್ದು, ಮತ್ತು ಹೊಸ ಜಾಡಿಗೆ ನಮ್ಮಲ್ಲಿ ಬರವಿಲ್ಲ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಹತ್ತಿರದ ದಿನ ಬೆಳಗಿನ ಇಳಿತ ನೋಡಿಕೊಂಡು, ಜನ ತುಳಿಯುವ ಮೊದಲು ಹೋಗಿ. ಜೂನ್‌ನಿಂದ ಆಗಸ್ಟ್ ಬೇಡ, ದಂಡೆಯನ್ನೇ ಕಡಲು ಕೊಂಡುಹೋಗುತ್ತಿರುತ್ತದೆ.

ಮರಳಿನ ಏಡಿ (ತುಳುವಿನ ಡೆಂಜಿ) ಅಡ್ಡಡ್ಡ ಓಡಿದ ಸಾಲನ್ನು ಅಳೆಯಿರಿ. ನಿಧಾನ ನಡೆದಾಗ ಚುಕ್ಕೆ ಹೆಚ್ಚು, ಓಡಿದಾಗ ಕಡಿಮೆ. ವೇಗ ಹೆಚ್ಚಾದಂತೆ ಅದು ಕೆಲವು ಕಾಲುಗಳನ್ನು ನೆಲಕ್ಕೆ ತಾಗಿಸುವುದೇ ಇಲ್ಲ. ಕಲ್ಲಿನಲ್ಲಿ ಚುಕ್ಕೆ ಎಣಿಸಿ ಕಾಲಿನ ಲೆಕ್ಕ ಹಾಕಿದರೆ ಕಡಿಮೆ ಬರುವುದು ಇದಕ್ಕೇ. ಮರಳುಂಡೆ ಏಡಿಯ ಬಿಲದ ಸುತ್ತ ಕಿರಣದಂತೆ ಹರಡಿದ ಉಂಡೆಗಳನ್ನು ನೋಡಿ. ಮುಂದಿನ ಉಬ್ಬರಕ್ಕೆ ಒಂದೂ ಉಳಿಯದು, ಬಿಲ ಮಾತ್ರ ಉಳಿಯಬಹುದು. ಕಲ್ಲಿನಲ್ಲೂ ಹೀಗೇ ಮೇಲ್ಮೈ ಕೆಲಸ ಅಳಿದು, ಆಳದ ಕೆಲಸ ಉಳಿದಿರುತ್ತದೆ.

ಕಡಲಾಮೆಯ ಜಾಡು ಕಂಡರೆ ಅದೃಷ್ಟ. ಇಲ್ಲಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಎಡಗೈ, ಬಲಗೈ ಸರದಿಯಲ್ಲಿ ಇಡುತ್ತದೆ, ಗುರುತು ಒಂದರೆದುರು ಒಂದು ಬೀಳುವುದಿಲ್ಲ. ಹಸಿರು ಆಮೆ ಎರಡೂ ಕೈ ಒಟ್ಟಿಗೆ ಎಳೆಯುತ್ತದೆ, ಗುರುತು ಸಮಸಮ. ಆಮೆ ಕಾಣದಿದ್ದರೂ ನಡೆ ಗೊತ್ತಾಯಿತು. ಫೋಟೊ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ. ಅಗೆಯಬೇಡಿ, ಅದು ಕಾನೂನಿನ ರಕ್ಷಣೆಯಲ್ಲಿರುವ ಪ್ರಾಣಿ.

ಪ್ಲಾಸ್ಟರ್ ಅಚ್ಚು ತೆಗೆಯುವ ಸರಿಯಾದ ಕ್ರಮ?

15×20 ಸೆಂ.ಮೀ. ಜಾಡಿಗೆ 3 ಸೆಂ.ಮೀ. ದಪ್ಪದ ಅಚ್ಚು ಬೇಕಾದರೆ 1 ಕೆ.ಜಿ. ಪ್ಲಾಸ್ಟರ್ ಆಫ್ ಪ್ಯಾರಿಸ್, 600 ಮಿ.ಲೀ. ಸಿಹಿನೀರು. ನೀರನ್ನು ಮನೆಯಿಂದಲೇ ಒಯ್ಯಿರಿ. ಉಪ್ಪುನೀರಿನಲ್ಲಿ ಕಲಸಿದರೆ ಸುರಿಯುವ ಮೊದಲೇ ಗಟ್ಟಿಯಾಗತೊಡಗುತ್ತದೆ. ಜಾಡಿನ ಸುತ್ತ ರಟ್ಟಿನ ಪಟ್ಟಿ ನೆಟ್ಟು ಕಟ್ಟೆ ಮಾಡಿ. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಹಾಕಬೇಡಿ. ಒಂದು ನಿಮಿಷ ನೆನೆಯಲು ಬಿಟ್ಟು ನಿಧಾನ ಕಲಕಿ. ಜೋರಾಗಿ ಕಡೆದರೆ ಗುಳ್ಳೆ ಸೇರಿ ಅಚ್ಚಿನ ಮುಖ ತೂತು ತೂತಾಗುತ್ತದೆ. ನೇರ ಜಾಡಿನ ಮೇಲೆ ಸುರಿಯದೆ, ಚಮಚದ ಬೆನ್ನಿನ ಮೇಲಿಂದ ಅಂಚಿಗೆ ಇಳಿಸಿ. ಅದು ಬಿಸಿಯಾಗಿ ಮತ್ತೆ ತಣ್ಣಗಾದ ಮೇಲೆ, ಸುಮಾರು 40 ನಿಮಿಷಕ್ಕೆ, ಅಡಿಯಿಂದ ಕರಣೆ ತೂರಿಸಿ ಎತ್ತಿ. ತೊಳೆಯುವುದು ಮರುದಿನ, ಮೆದು ಬ್ರಷ್‌ನಲ್ಲಿ.

ಕೆಲವು ಎಚ್ಚರಿಕೆ. ಮಳೆಗಾಲ ದಾಟಿದ ಹಳೆಯ ಪ್ಲಾಸ್ಟರ್ ಚೀಲವನ್ನು ನಂಬಬೇಡಿ, ಕರಾವಳಿಯ ತೇವ ಹೀರಿ ಗಂಟುಗಟ್ಟಿ ಅಚ್ಚು ಪುಡಿಪುಡಿಯಾಗುತ್ತದೆ. ಮಕ್ಕಳು ಹಸಿ ಪ್ಲಾಸ್ಟರಿನೊಳಗೆ ಕೈ ಅದ್ದಿ ಇಡದಂತೆ ನೋಡಿ, ಗಟ್ಟಿಯಾಗುವಾಗಿನ ಬಿಸಿಗೆ ಚರ್ಮ ಸುಡುತ್ತದೆ. ಏಡಿ ಒಳಗಿರುವ ಬಿಲಕ್ಕಂತೂ ಸುರಿಯಲೇಬಾರದು. ಉಳಿದದ್ದನ್ನು ಸಿಂಕಿಗೆ ಚೆಲ್ಲಿದರೆ ಪೈಪಿನೊಳಗೆ ಅಚ್ಚು ಸಿಗುತ್ತದೆ.

ಫೋಟೊ ತೆಗೆದರೆ ಏನೂ ಕಾಣುವುದಿಲ್ಲವಲ್ಲ?

ನಡುಮಧ್ಯಾಹ್ನ ತೆಗೆದಿರುತ್ತೀರಿ. ಬೆಳಗ್ಗೆ 8ರ ಒಳಗೆ ಅಥವಾ ಸಂಜೆ ಇಳಿಬಿಸಿಲಲ್ಲಿ, ಬೆಳಕು ಬದಿಯಿಂದ ಬೀಳುವಾಗ ತೆಗೆಯಿರಿ. ಕ್ಯಾಮೆರಾ ನೇರ ಮೇಲಿರಲಿ, ಪಕ್ಕದಲ್ಲಿ ಸ್ಕೇಲ್ ಇರಲಿ. ಚಪ್ಪಲಿ ಇಟ್ಟರೆ ಯಾರ ಚಪ್ಪಲಿ ಎಂಬ ಪ್ರಶ್ನೆ ಬರುತ್ತದೆ. ಅಗಲವನ್ನು ಒಂದೇ ಕಡೆ ಅಲ್ಲ, ಹತ್ತು ಕಡೆ ಅಳೆದು ಬರೆಯಿರಿ.

ಮನೆಗೆ ಹಾಸಲು ತಂದ ಕಲ್ಲಿನಲ್ಲಿ ಗಿಡದಂಥ ಚಿತ್ರ, ಹುಳುವಿನಂಥ ಉಬ್ಬು ಇದೆ. ಪಳೆಯುಳಿಕೆಯಾ?

ಕಪ್ಪಗೆ ಜರಿಗಿಡದಂತೆ ಕವಲೊಡೆದಿದ್ದರೆ ಅಲ್ಲ, ಬಿರುಕಿನಲ್ಲಿ ನೀರು ಬಿಟ್ಟುಹೋದ ಮ್ಯಾಂಗನೀಸ್. ಉಬ್ಬು ಇದ್ದರೆ ಮೊದಲು ಕಲ್ಲು ಯಾವ ಊರಿನ ಕ್ವಾರಿಯದ್ದೆಂದು ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ. ಊರು ಗೊತ್ತಿಲ್ಲದ ಕಲ್ಲಿನಿಂದ ಹೇಳಬಹುದಾದದ್ದು ಬಹಳ ಕಡಿಮೆ. ಪಾಲಿಶ್ ಮಾಡಿಸಬೇಡಿ, ಆಸಿಡ್‌ನಲ್ಲಿ ತೊಳೆಯಬೇಡಿ, ಎಣ್ಣೆ ಸವರಬೇಡಿ. ಎರಡೂ ಮುಖದ ಫೋಟೊ ತೆಗೆದು ಭೂವಿಜ್ಞಾನ ಕಲಿಸುವವರಿಗೆ ತೋರಿಸಿ. ಹತ್ತಿರದಲ್ಲಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ ವಿಭಾಗವಿದೆ. ಮೇಸ್ತ್ರಿ ಕಲ್ಲು ಕೂರಿಸುವ ಮುನ್ನವೇ ಕೇಳಿದರೆ ಒಳ್ಳೆಯದು, ಸಿಮೆಂಟ್ ಬಿದ್ದ ಮೇಲೆ ಅಡಿಭಾಗ ನೋಡಲು ಸಿಗುವುದಿಲ್ಲ.